ರೇಡಿಯೇಟರಲ್ಲಿ ಕೆಂಪು ನೀರು, ಶಿರಾಡಿ ಏರುವಾಗ ಹೀಟ್: ಇಂಜಿನ್ ಬ್ಲಾಕ್ ತೊಳೆಯೋದು ಹೇಗೆ?

ಹಾಸನ_ಆರುಚಕ್ರ:
ಹಳೇ ಆರು ಚಕ್ರದ ಲಾರಿ, ತಾಮ್ರ-ಹಿತ್ತಾಳೆ ರೇಡಿಯೇಟರ್, ಒಟ್ಟು 22 ಲೀಟರ್ ನೀರು ಹಿಡಿಯುತ್ತೆ. ಖಾಲಿ ಇದ್ದಾಗ ತೊಂದರೆ ಇಲ್ಲ. ಲೋಡಲ್ಲಿ ಗುಂಡ್ಯ ದಾಟಿ ಘಾಟಿ ಹತ್ತಿದರೆ ಮುಳ್ಳು ಕೆಂಪಿಗೆ ಹೋಗುತ್ತೆ. ಕ್ಯಾಪ್ ತೆಗೆದರೆ ಇಟ್ಟಿಗೆ ಬಣ್ಣದ ನೀರು, ಕತ್ತಿನ ಒಳಗೆ ಬಿಳಿ ಪದರ. ಇಷ್ಟು ದಿನ ಹಾಕಿರೋದು ಅರಸೀಕೆರೆ ಕಡೆಯ ಬೋರ್ ನೀರು. ಬಾತ್‌ರೂಮ್ ಆಸಿಡ್ ಹಾಕಿ, ವಾಲ್ವ್ (ಥರ್ಮೋಸ್ಟಾಟ್) ಕಿತ್ತೆಸೆಯಿರಿ ಅಂತಾರೆ. ಸರಿನಾ?

ಬಿಎಂರಸ್ತೆ_ಗ್ಯಾರೇಜ್:
ಎರಡೂ ಬೇಡ ಅಣ್ಣ. ಬಾತ್‌ರೂಮ್ ಆಸಿಡ್ ತುಕ್ಕಿನ ಜೊತೆ ರೇಡಿಯೇಟರ್ ಬೆಸುಗೆ, ಅಲ್ಯೂಮಿನಿಯಂ ಭಾಗ ಎಲ್ಲಾ ತಿನ್ನುತ್ತೆ.

ಮೊದಲು ಇಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ರೇಸ್ ಕೊಡಿ. ನೀರಲ್ಲಿ ಗುಳ್ಳೆ ನಿಲ್ಲದೆ ಬರ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ ಕೆಲಸ, ತೊಳೆದು ಪ್ರಯೋಜನ ಇಲ್ಲ. ನೀರಿನ ಮೇಲೆ ಆಯಿಲ್ ಜಿಡ್ಡು ಇದ್ದರೆ ಆಯಿಲ್ ಕೂಲರ್ ನೋಡಿಸಿ, ಜಿಡ್ಡು ತೆಗೆದ ಮೇಲೇ ತುಕ್ಕಿಗೆ ಕೈ ಹಾಕಿ. ಜಿಡ್ಡಿನ ಕೆಳಗಿರೋ ತುಕ್ಕಿಗೆ ಆಸಿಡ್ ತಾಗಲ್ಲ.

ಆಮೇಲೆ ನೀರು ಇಳಿಸಿ. ಎಲ್ಲರೂ ಎಡವೋದು ಇಲ್ಲೇ. ರೇಡಿಯೇಟರ್ ಕಾಕ್ ಒಂದೇ ಬಿಚ್ಚಿದರೆ ಬ್ಲಾಕಿನ ನೀರು ಅಲ್ಲೇ ಉಳಿಯುತ್ತೆ. ಬ್ಲಾಕಿನ ಪಕ್ಕದ ಡ್ರೈನ್ ಪ್ಲಗ್ ಬಿಚ್ಚಿ. ಬಿಚ್ಚಿದರೂ ನೀರು ಬರದಿದ್ದರೆ ಒಳಗೆ ಕೆಸರು ಕೂತಿದೆ ಅಂತ ಅರ್ಥ, ಗಟ್ಟಿ ತಂತಿ ಹಾಕಿ ಕೆದಕಿ. ಹಿಂದಿನ ಲೈನರ್‌ಗಳ (ಪಿಸ್ಟನ್ ಓಡಾಡೋ ಕೊಳವೆಗಳ) ಬುಡದಲ್ಲೇ ಜಾಸ್ತಿ ಕೂರೋದು.

ಥರ್ಮೋಸ್ಟಾಟ್ ತೆಗೆದು, ಎರಡೂ ಹೋಸ್ ಬಿಚ್ಚಿ, ಬ್ಲಾಕ್ ಬೇರೆ, ರೇಡಿಯೇಟರ್ ಬೇರೆ ತೊಳೀರಿ. ಒಟ್ಟಿಗೆ ತೊಳೆದರೆ ಬ್ಲಾಕಿನ ಗಲೀಜು ರೇಡಿಯೇಟರ್ ಕೊಳವೆಯೊಳಗೆ ಹೋಗಿ ಕೂರುತ್ತೆ. ರೇಡಿಯೇಟರ್‌ಗೆ ಕೆಳಗಿಂದ ನೀರು ಕೊಟ್ಟು ಮೇಲಿಂದ ಬಿಡಿ.

ಕಡೂರು_ಡೀಸೆಲ್:
ಮುಂದಿನದು ನಾನು ಹೇಳ್ತೀನಿ. ಹೋಸ್, ಡ್ರೈನ್ ಪ್ಲಗ್ ವಾಪಸ್ ಹಾಕಿ, ವಾಲ್ವ್ ಮಾತ್ರ ತೊಳೆದು ಮುಗಿದ ಮೇಲೆ. ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು, ಲೀಟರಿಗೆ 50 ಗ್ರಾಂ. ನಿಮಗೆ 1 ಕೆಜಿ 100 ಗ್ರಾಂ ಆಗುತ್ತೆ. ಬಕೆಟ್ ಬಿಸಿನೀರಲ್ಲಿ ಪೂರ್ತಿ ಕರಗಿಸಿಯೇ ಹಾಕಿ, ಪುಡಿ ಸುರಿಯಬೇಡಿ. ಹೀಟರ್ ಇದ್ದರೆ ಅದರ ಕಾಕ್ ತೆರೆದಿರಲಿ. ಕ್ಯಾಪ್ ಸಡಿಲ ಇರಲಿ, ಆ ಬಿಳಿ ಪದರದ ಸುಣ್ಣ ಕರಗುವಾಗ ಗ್ಯಾಸ್ ಬಿಡುತ್ತೆ.

ವಾಲ್ವ್ ಇಲ್ಲದೆ ಐಡಲಲ್ಲಿ ಇಂಜಿನ್ ಬಿಸಿಯೇರಲ್ಲ, ತಣ್ಣಗಿದ್ದರೆ ಆಸಿಡ್ ಕೆಲಸವೂ ನಿಧಾನ. ರೇಡಿಯೇಟರ್ ಮುಂದೆ ದಪ್ಪ ರಟ್ಟು ಕಟ್ಟಿ 80 ಡಿಗ್ರಿ ಆಸುಪಾಸಿಗೆ ತನ್ನಿ, 45 ನಿಮಿಷ ಓಡಿಸಿ, ಮುಳ್ಳಿನ ಮೇಲೆ ಕಣ್ಣಿರಲಿ. ಆಫ್ ಮಾಡಿ, ಮುಟ್ಟುವಷ್ಟು ಆರಿದ ಕೂಡಲೇ ಇಳಿಸಿ. ರಾತ್ರಿಯಿಡೀ ಬಿಟ್ಟರೆ ಸಡಿಲವಾದ ಕೆಸರು ಮತ್ತೆ ತಳಕ್ಕೆ ಕೂರುತ್ತೆ, ಆಸಿಡ್ ಬರಿ ಕಬ್ಬಿಣ ತಿನ್ನೋಕೆ ಶುರು ಮಾಡುತ್ತೆ. ಕಾಫಿ ಡಿಕಾಕ್ಷನ್ ಥರ ಬಂದರೆ ಇನ್ನೊಂದು ಸುತ್ತು ಬೇಕು.

ಕೊನೆಗೆ 100 ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕಿ 10 ನಿಮಿಷ ಓಡಿಸಿ ಇಳಿಸಿ. ಇದನ್ನ ಬಿಟ್ಟರೆ ಉಳಿದ ಆಸಿಡ್ ಹೊಸ ಕೂಲೆಂಟನ್ನೇ ಕೆಡಿಸುತ್ತೆ. ಕಾಸ್ಟಿಕ್ ಸೋಡಾ ಮಾತ್ರ ಮುಟ್ಟಬೇಡಿ. ನೀರು ತಿಳಿಯಾಗುವವರೆಗೆ ಮೂರು-ನಾಲ್ಕು ಸಲ ತೊಳೀರಿ.

ಹಾಸನ_ಆರುಚಕ್ರ:
ವಾಲ್ವ್ ಯಾಕೆ ವಾಪಸ್ ಹಾಕಬೇಕು ಸರ್? ತೆಗೆದರೆ ನೀರು ಜೋರಾಗಿ ಓಡುತ್ತಲ್ಲ?

ಬಿಎಂರಸ್ತೆ_ಗ್ಯಾರೇಜ್:
ಓಡುತ್ತೆ, ಆದರೆ ಎಲ್ಲಿಗೆ? ಎಷ್ಟೋ ಇಂಜಿನಲ್ಲಿ ವಾಲ್ವ್ ತೆರೆದಾಗ ಅದರ ಕೆಳಭಾಗ ಬೈಪಾಸ್ ದಾರಿ ಮುಚ್ಚುತ್ತೆ. ವಾಲ್ವೇ ಇಲ್ಲದಿದ್ದರೆ ಬಿಸಿನೀರಲ್ಲಿ ಒಂದಷ್ಟು ರೇಡಿಯೇಟರ್‌ಗೆ ಹೋಗದೆ ಪಂಪಿಗೇ ಸುತ್ತಿ ಬರುತ್ತೆ, ಘಾಟಿಯಲ್ಲಿ ಇನ್ನೂ ಹೀಟ್. ವಾಲ್ವನ್ನ ಪಾತ್ರೆ ನೀರಲ್ಲಿ ಹಾಕಿ ಒಲೆ ಮೇಲಿಡಿ. ಅದರ ಮೇಲೆ ಅಚ್ಚಾಗಿರೋ ಡಿಗ್ರಿಯ ಹತ್ತಿರ ತೆರೆಯೋಕೆ ಶುರುವಾಗಬೇಕು, ಇಲ್ಲದಿದ್ದರೆ ಹೊಸದು ಹಾಕಿ.

ಕಡೂರು_ಡೀಸೆಲ್:
ಕೂಲೆಂಟ್ 50:50. ತೊಳೆದ ನೀರು ಎರಡು-ಮೂರು ಲೀಟರ್ ಒಳಗೇ ಉಳಿದಿರುತ್ತೆ, ಹಾಗಾಗಿ ಮೊದಲು 11 ಲೀಟರ್ ಗಟ್ಟಿ (ನೀರು ಬೆರೆಸದ) ಕೂಲೆಂಟ್ ಹಾಕಿ, ಮಿಕ್ಕಿದ್ದನ್ನ ಡಿಸ್ಟಿಲ್ಡ್ ವಾಟರಲ್ಲಿ ತುಂಬಿಸಿ. ಬೋರ್ ನೀರು ಹಾಕಿದರೆ ಇಷ್ಟೂ ಕೆಲಸ ಹೊಳೆಗೆ ಹುಣಸೆಹಣ್ಣು. ಡಬ್ಬದ ಮೇಲೆ ಹೆವಿ ಡ್ಯೂಟಿ ಡೀಸೆಲ್ ಅಂತ ಇರಲಿ. ಲೈನರ್ ಅದುರಿದಾಗ ಅದರ ಹೊರಮೈಯಲ್ಲಿ ಗುಳ್ಳೆ ಒಡೆದು ತೂತು ಬೀಳುತ್ತೆ, ಅದನ್ನ ತಡೆಯೋ ಔಷಧಿ ಅದರಲ್ಲಿರುತ್ತೆ. ನಿಧಾನಕ್ಕೆ ತುಂಬಿ, ಗಾಳಿ ಬಿಡೋ ಸ್ಕ್ರೂ ಸಡಿಲ ಮಾಡಿ.

ಇಳಿಸಿದ ಕೂಲೆಂಟ್ ಚರಂಡಿಗೆ ಬಿಡಬೇಡಿ. ಸಿಹಿಯಾಗಿರುತ್ತೆ, ನಾಯಿ, ದನ ನೆಕ್ಕಿದರೆ ಸಾಯುತ್ತವೆ.

ಬಿಎಂರಸ್ತೆ_ಗ್ಯಾರೇಜ್:
ಇಷ್ಟಾದ ಮೇಲೂ ಹೀಟ್ ಆದರೆ ಇಂಜಿನ್ ಆಫ್ ಮಾಡಿ ರೇಡಿಯೇಟರ್ ಮೈ ಸವರಿ ನೋಡಿ. ಮಧ್ಯೆ ತಣ್ಣಗಿರೋ ಜಾಗ ಇದ್ದರೆ ಆ ಕೊಳವೆಗಳು ಪೂರ್ತಿ ಕಟ್ಟಿವೆ, ಔಷಧಿಗೆ ಬಗ್ಗಲ್ಲ. ನಿಮ್ಮದು ಹಿತ್ತಾಳೆಯದ್ದು, ಮೇಲಿನ ಟ್ಯಾಂಕ್ ಬಿಚ್ಚಿಸಿ ಕೊಳವೆಗಳೊಳಗೆ ಕಡ್ಡಿ ಹೊಡೆಸಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ಆಗಿದ್ದರೆ ಬದಲಾಯಿಸೋದೇ.