ಖೆ ಸಾನ್ ಬಿತ್ತಾ, ಬಿಟ್ಟು ಹೋದರಾ?

ದೊಡ್ಡಮಾವ: (ಫಾರ್ವರ್ಡ್) 77 ದಿನದ ಮುತ್ತಿಗೆ! ದಕ್ಷಿಣ ವಿಯೆಟ್ನಾಮಿನ ಖೆ ಸಾನ್ ನೆಲೆಯಲ್ಲಿ 6,000 ಅಮೆರಿಕನ್ ಸೈನಿಕರು ಉತ್ತರ ವಿಯೆಟ್ನಾಮಿಗರಿಗೆ ಶರಣಾದ ಕಥೆ. ತಪ್ಪದೆ ಹಂಚಿ 🙏

ಭಾವ: ಮಾವ, ಖೆ ಸಾನ್‌ನಲ್ಲಿ ಯಾರೂ ಶರಣಾಗಲಿಲ್ಲ. ಶರಣಾದವರು ಫ್ರೆಂಚರು, ಅದು 1954ರ ದಿಯೆನ್ ಬಿಯೆನ್ ಫು ಕದನ. ಇದು 1968. ಯಾರೋ ಎರಡನ್ನೂ ಕಲಸಿಬಿಟ್ಟಿದ್ದಾರೆ.

ದೊಡ್ಡಮಾವ: ಬೆಟ್ಟದ ನಡುವೆ ಸಿಕ್ಕಿಬಿದ್ದ ಪರದೇಶದವರು, ಎದುರಿಗೆ ವಿಯೆಟ್ನಾಮ್ ಸೇನಾಪತಿ ಜನರಲ್ ಜಿಯಾಪ್‌ರ ಸೈನ್ಯ. ಎರಡೂ ಕಡೆ ಅದೇ ತಾನೆ? ಜನವರಿ 21ಕ್ಕೇ, ಮೊದಲ ದಿನವೇ, ಖೆ ಸಾನ್ ನೆಲೆಯ ಸುಮಾರು 1,500 ಟನ್ ಮದ್ದುಗುಂಡು ಸಿಡಿದು ಹೋಯಿತು. ಅದೂ ಸುಳ್ಳಾ?

ಭಾವ: ಅದು ನಿಜ. ಆದರೆ ದಿಯೆನ್ ಬಿಯೆನ್ ಫುನಲ್ಲಿ ಫಿರಂಗಿಗಳು ರನ್‌ವೇ ಮುಚ್ಚಿಸಿದವು, ಗಾಯಾಳುಗಳನ್ನು ಹೊರಗೆ ಕಳಿಸೋಕೂ ಆಗಲಿಲ್ಲ, ಅಲ್ಲಿಗೆ ಫ್ರೆಂಚರ ಕಥೆ ಮುಗಿಯಿತು. ಖೆ ಸಾನ್‌ನಲ್ಲಿ ಫೆಬ್ರವರಿ 10ಕ್ಕೆ ಇಂಧನ ತಂದ ವಿಮಾನವೊಂದು ಗುಂಡೇಟಿಗೆ ಸುಟ್ಟುಹೋದ ಮೇಲೆ ದೊಡ್ಡ ವಿಮಾನಗಳನ್ನು ಇಳಿಸೋದು ನಿಲ್ಲಿಸಿದರು, ಒಪ್ಪುತ್ತೇನೆ, ಆದರೂ ಸಣ್ಣ ಸಿ-123ಗಳು ಇಳಿಯುತ್ತಲೇ ಇದ್ದವು, ಉಳಿದ ಸಾಮಾನು ಪ್ಯಾರಾಚೂಟ್‌ನಲ್ಲಿ ಬೀಳುತ್ತಿತ್ತು. ಸುತ್ತಲಿನ ಕಾಡಿನ ಮೇಲೆ ಅಮೆರಿಕದ ಬಿ-52 ವಿಮಾನಗಳ ಬಾಂಬು ಬೇರೆ.

ಚಿಕ್ಕಮ್ಮ: ನನಗೆ ಅರ್ಥವಾಗದ್ದು ನೀರಿನ ವಿಷಯ. ನೆಲೆಗೆ ನೀರು ಬರುತ್ತಿದ್ದುದು ಬೇಲಿಯಾಚೆಯ ಹೊಳೆಯಿಂದ. ಅದನ್ನು ಯಾರೂ ಕಡಿಯಲಿಲ್ಲ! ಗೆಲ್ಲಲೇಬೇಕು ಅಂತ ಬಂದವರು ಅಷ್ಟು ಮಾಡದೆ ಬಿಡ್ತಾರಾ?

ಭಾವ: ಅದೇ ಚಿಕ್ಕಮ್ಮ. ಅಮೆರಿಕದ ಅಧ್ಯಕ್ಷ ಜಾನ್ಸನ್ ಶ್ವೇತಭವನದಲ್ಲಿ ಖೆ ಸಾನ್‌ನ ಮಾದರಿ ಇಟ್ಟುಕೊಂಡು ಕೂತಿದ್ದಾಗ, ಜನವರಿ ಕೊನೆಗೆ ದಕ್ಷಿಣ ವಿಯೆಟ್ನಾಮಿನ ಊರೂರಿನಲ್ಲೂ ಟೆಟ್ (ಅಲ್ಲಿನ ಹೊಸವರ್ಷದ ಹಬ್ಬ) ದಾಳಿ ಶುರುವಾಯಿತು. ಖೆ ಸಾನ್ ಮುತ್ತಿಗೆ ಅಮೆರಿಕದ ಕಣ್ಣು ಬೇರೆ ಕಡೆ ಇರಲಿ ಅಂತ ಮಾಡಿದ ಆಟ.

ಚಿಕ್ಕಮ್ಮ: ಬರೀ ಆಟ ಅಂದರೆ ನಾನು ಒಪ್ಪಲ್ಲ. ಫೆಬ್ರವರಿ 7ಕ್ಕೆ ಪಕ್ಕದ ಅಮೆರಿಕನ್ ಶಿಬಿರ ಲಾಂಗ್ ವೇಗೆ ಟ್ಯಾಂಕ್ ನುಗ್ಗಿಸಿ ಹಿಡಿದುಕೊಂಡರು. ಸಾವಿರಾರು ಜನರನ್ನು ಕಳೆದುಕೊಂಡರು. ಸುಮ್ನೆ ಕಣ್ಣು ತಪ್ಪಿಸೋಕೆ ಅಷ್ಟು ಬೆಲೆ ಕೊಡ್ತಾರಾ? ಸಿಕ್ಕಿದ್ದರೆ ತಗೊಳ್ಳುತ್ತಿದ್ದರು, ಸಿಗಲಿಲ್ಲ.

ದೊಡ್ಡಮಾವ: ಕೊನೆಗೆ ನೆಲೆ ಏನಾಯಿತು, ಅದನ್ನು ಹೇಳಿ.

ಭಾವ: ಏಪ್ರಿಲ್‌ನಲ್ಲಿ 9ನೇ ಹೆದ್ದಾರಿ ತೆರವು ಮಾಡಿ ಬೇರೆ ಪಡೆ ಬಂದು ಸೇರಿತು, ಮುತ್ತಿಗೆ ಮುಗಿಯಿತು. ಜುಲೈನಲ್ಲಿ ಅಮೆರಿಕನ್ನರೇ ಎಲ್ಲ ಕೆಡವಿ ಹೊರಟುಹೋದರು.

ದೊಡ್ಡಮಾವ: ನೋಡಿದ್ಯಾ! 77 ದಿನ ಪ್ರಾಣ ಕೊಟ್ಟು ಕಾದ ಜಾಗವನ್ನು ಮೂರು ತಿಂಗಳಿಗೆ ಬಿಟ್ಟು ಓಡಿದರು. ಸೋಲು ಅಂದರೆ ಇನ್ನೇನು?

ಭಾವ: ಓಡಿದ್ದಲ್ಲ, ಹೊರಟಿದ್ದು 😅 ಅಲ್ಲಿ ಸತ್ತ ಹುಡುಗರ ಮನೆಯವರಿಗೆ ಅದರಲ್ಲಿ ಏನು ವ್ಯತ್ಯಾಸ ಕಂಡಿತೋ, ಅದು ನನಗೂ ಉತ್ತರ ಸಿಗದ ಪ್ರಶ್ನೆ.

ಚಿಕ್ಕಮ್ಮ: ಅಣ್ಣ, 'ಶರಣಾದ' ಅನ್ನೋದನ್ನಾದರೂ ತೆಗೆದು ಹಂಚು.

ದೊಡ್ಡಮಾವ: ಆಗಲೇ ನಾಲ್ಕು ಗುಂಪಿಗೆ ಹೋಗಿದೆ.