ಸಾಯಿಸು, ಸಾಯಲು ಬಿಡು, ಸಾಯಗೊಡು: ‘ದಯಾಮರಣ’ದ ಬಗ್ಗೆ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ಪ್ರಶ್ನೆ ‘ದಯಾಮರಣ’ ಎಂಬ ಪದದ ಬಗ್ಗೆ. ಪದ ಹೊಸದೇನಲ್ಲ, ಪತ್ರಿಕೆಗಳಲ್ಲಿ ಎಷ್ಟೋ ವರ್ಷಗಳಿಂದ ಓದುತ್ತಿದ್ದೇವೆ. ಆದರೆ ಈ ಒಂದೇ ಪದದೊಳಗೆ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಅವನ್ನು ಬಿಡಿಸಿ ಹೇಳಲು ನಿಮ್ಮ ಸಹಾಯ ಬೇಕು.

ಪ್ರಶ್ನೆ ಹುಟ್ಟಿದ್ದು ಹೀಗೆ. ಕೆಲವು ವರ್ಷಗಳ ಹಿಂದೆ ಅಪ್ಪ ಐಸಿಯುನಲ್ಲಿದ್ದರು. ವೆಂಟಿಲೇಟರ್ ಹಾಕಿ ಬಹಳ ದಿನ ಆಗಿತ್ತು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು, ಇನ್ನು ಚಿಕಿತ್ಸೆಯಿಂದ ಉಪಯೋಗ ಇಲ್ಲ, ಮಷೀನು ತೆಗೆಯುವುದರ ಬಗ್ಗೆ ಯೋಚಿಸಿ ಎಂದರು. ಅಣ್ಣ ಕೇಳಿದ: “ಅಂದ್ರೆ ದಯಾಮರಣಾನಾ ಡಾಕ್ಟ್ರೇ?” ಆ ಪದ ಕಿವಿಗೆ ಬಿದ್ದದ್ದೇ ಅಮ್ಮ ಎದ್ದು ಹೊರಗೆ ಹೋದರು. “ನಾವೇ ಸಾಯಿಸಿದ ಹಾಗೆ ಆಗಲ್ವಾ?” ಎಂದು ಆಮೇಲೆ ನನ್ನನ್ನು ಕೇಳಿದರು. ಹಾಗಲ್ಲ ಅಂತ ನನಗೆ ಗೊತ್ತಿತ್ತು. ಹಾಗಾದರೆ ಅದು ಏನು ಎಂದು ಹೇಳಲು ನನ್ನ ಬಳಿ ಒಂದು ಕನ್ನಡದ ಮಾತು ಇರಲಿಲ್ಲ.

ದಯಾಮರಣಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಯೂಥನೇಷಿಯಾ’ ಗ್ರೀಕ್ ಮೂಲದ ಪದ. ‘ಯೂ’ ಎಂದರೆ ಒಳ್ಳೆಯ, ‘ಥಾನಟೋಸ್’ ಎಂದರೆ ಸಾವು. ಅಷ್ಟೇ, ಒಳ್ಳೆಯ ಸಾವು. ನಮ್ಮ ‘ದಯಾಮರಣ’ ಅದರ ಅನುವಾದದಂತೆ ಕಾಣುವುದಿಲ್ಲ, ‘ಮರ್ಸಿ ಕಿಲ್ಲಿಂಗ್’ ಪಕ್ಕದಲ್ಲಿ ಇಟ್ಟರೆ ಹೊಂದುತ್ತದೆ. ಆದರೆ ಅಲ್ಲಿನ ‘ಕೊಲ್ಲುವುದು’ ಇಲ್ಲಿ ‘ಮರಣ’ ಆಗಿದೆ. ಯಾರು ಮಾಡಿದರು ಎಂಬುದು ಪದದಿಂದ ಜಾರಿಹೋಗಿದೆ. ಉಳಿದದ್ದು ದಯೆ. ಆ ದಯೆ ಸಾಯುವವರದ್ದಲ್ಲ, ಪಕ್ಕದಲ್ಲಿ ನಿಂತವರದ್ದು. ಸಾಯುವವರು ಏನು ಬಯಸಿದರು ಎನ್ನುವುದಕ್ಕೆ ಈ ಪದದಲ್ಲಿ ಜಾಗವೇ ಇಲ್ಲ. ಬೇಡಿಕೆ ಈಡೇರದೆ ಸೋತವರು ‘ದಯಾಮರಣ ಕೊಡಿ’ ಎಂದು ರಾಷ್ಟ್ರಪತಿಗೆ ಪತ್ರ ಬರೆದ ಸುದ್ದಿ ಆಗಾಗ ಬರುತ್ತದಲ್ಲ, ಅಲ್ಲೂ ಇದೇ ಅರ್ಥ: ಮೇಲಿನವರು ಕೊಡುವುದು, ಕೆಳಗಿನವರು ಬೇಡುವುದು.

ಈಗ ಕೆಲಸಗಳನ್ನು ನೋಡಿ. ನೆದರ್ಲೆಂಡ್ಸಿನಲ್ಲಿ 2002ರಿಂದ ಜಾರಿಯಲ್ಲಿರುವ ಕಾನೂನಿನಂತೆ, ರೋಗಿ ತಾನೇ ಕೇಳಿಕೊಂಡರೆ, ಷರತ್ತುಗಳೆಲ್ಲ ಪೂರೈಸಿದರೆ, ಡಾಕ್ಟರು ಇಂಜೆಕ್ಷನ್ ಕೊಡಬಹುದು. ಇಲ್ಲಿ ಮಾಡುವವರು ಡಾಕ್ಟರು. ಅಮೆರಿಕದ ಓರೆಗಾನ್ ರಾಜ್ಯದಲ್ಲಿ 1997ರಿಂದ ಇರುವ ವ್ಯವಸ್ಥೆ ಬೇರೆ. ಡಾಕ್ಟರು ಔಷಧಿ ಬರೆದುಕೊಡುತ್ತಾರೆ, ಅದನ್ನು ತೆಗೆದುಕೊಳ್ಳಬೇಕಾದವರು ರೋಗಿಯೇ. ಸ್ವಿಟ್ಜರ್ಲೆಂಡಿನಲ್ಲೂ ಕೊನೆಯ ಕೆಲಸ ಸಾಯುವವರ ಕೈಯಲ್ಲೇ ಇರಬೇಕು. ನೆರವು ಕೊಟ್ಟವರಿಗೆ ಸ್ವಾರ್ಥ ಇದ್ದರೆ ಮಾತ್ರ ಅಲ್ಲಿ ಅದು ಅಪರಾಧ. ಭಾರತದಲ್ಲಿ ಇವೆರಡಕ್ಕೂ ಅವಕಾಶ ಇಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ, ಮುಂಬೈನ ಆಸ್ಪತ್ರೆಯಲ್ಲಿ ದಶಕಗಳಿಂದ ಹಾಸಿಗೆ ಹಿಡಿದಿದ್ದ ನರ್ಸ್ ಅರುಣಾ ಶಾನಭಾಗರ ಪ್ರಕರಣದಲ್ಲಿ ಬಾಗಿಲು ತೆರೆದು, 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠದಿಂದ ಗಟ್ಟಿ ಮಾಡಿದ್ದು ಮೂರನೆಯದನ್ನು. ಅಂದರೆ, ಗುಣವಾಗುವ ಆಸೆ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವುದು, ಅಥವಾ ಶುರುವೇ ಮಾಡದಿರುವುದು.

ಈ ಮೂರನೆಯದನ್ನು ನಮ್ಮ ಪತ್ರಿಕೆಗಳು ‘ನಿಷ್ಕ್ರಿಯ ದಯಾಮರಣ’ ಎಂದು ಬರೆಯುತ್ತವೆ. ಈ ‘ನಿಷ್ಕ್ರಿಯ’ವೇ ನನಗೆ ಜಾಸ್ತಿ ತೊಂದರೆ ಕೊಡುತ್ತಿರುವುದು. ಬಾಂಬ್ ನಿಷ್ಕ್ರಿಯಗೊಳಿಸಿದರು ಎನ್ನುತ್ತೇವೆ. ಬ್ಯಾಂಕ್ ಖಾತೆ ನಿಷ್ಕ್ರಿಯವಾಯಿತು ಎನ್ನುತ್ತೇವೆ. ಅಂಗಾಂಗ ದಾನದ ಸುದ್ದಿಯಲ್ಲಿ ‘ಮಿದುಳು ನಿಷ್ಕ್ರಿಯಗೊಂಡ ವ್ಯಕ್ತಿ’ ಬರುತ್ತಾರೆ. ಮಿದುಳು ಸತ್ತವರು ಕಾನೂನಿನ ಪ್ರಕಾರ ಸತ್ತವರೇ, 1994ರ ಅಂಗಾಂಗ ಕಸಿ ಕಾಯ್ದೆ ಹಾಗೇ ಹೇಳುತ್ತದೆ. ಅವರ ವೆಂಟಿಲೇಟರ್ ತೆಗೆಯುವುದಕ್ಕೂ ನನ್ನ ಅಪ್ಪನ ವೆಂಟಿಲೇಟರ್ ತೆಗೆಯುವುದಕ್ಕೂ ಸಂಬಂಧವೇ ಇಲ್ಲ. ಆದರೆ ಎರಡೂ ಕಡೆ ಒಂದೇ ಪದ. ಐಸಿಯು ಹೊರಗೆ ಬೆಂಚಿನ ಮೇಲೆ ಕೂತವರಿಗೆ ಇದು ಹೇಗೆ ಅರ್ಥ ಆಗಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2018ರಲ್ಲಿ ಹೊರತಂದ ಪದವಿವರಣೆಯಲ್ಲಿ, ‘ಪ್ಯಾಸಿವ್ ಯೂಥನೇಷಿಯಾ’ ಎಂಬ ಮಾತನ್ನೇ ಬಳಸಬೇಡಿ ಎಂದಿತು. ಅವರೇ ಬಿಟ್ಟ ಮಾತಿನ ಅನುವಾದವನ್ನು ನಾವು ಹಿಡಿದುಕೊಂಡಿದ್ದೇವೆ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿನ ಆ ತೀರ್ಪನ್ನು ಜಾರಿ ಮಾಡುವ ಆದೇಶ ಹೊರಡಿಸಿದಾಗ, ಇದನ್ನು ದಯಾಮರಣದ ಜೊತೆ ಬೆರೆಸಬೇಡಿ ಎಂದು ಬೇರೆ ಹೇಳಬೇಕಾಯಿತು.

ಅಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಕ್ರಿಯಾಪದಗಳ ಕಡೆ ಬಂದೆ. ಕನ್ನಡದಲ್ಲಿ ಸಾಯು, ಸಾಯಿಸು ಎರಡೂ ಸ್ಪಷ್ಟ. ಮಾಡುವವರು ಯಾರು ಎನ್ನುವುದನ್ನು ‘ಇಸು’ ಎತ್ತಿ ತೋರಿಸುತ್ತದೆ. ಇವೆರಡರ ನಡುವಿನದ್ದೇ ಕಷ್ಟ. ‘ಸಾಯಲು ಬಿಡು’ ಎನ್ನಬಹುದು. ಆದರೆ ‘ಬಿಡು’ವಿನಲ್ಲಿ ಕೈಬಿಡುವ ವಾಸನೆ ಇದೆ. ‘ಸಾಯಲಿ ಬಿಡು’ ಎಂದು ನಾವು ಯಾವಾಗ ಹೇಳುತ್ತೇವೆ ಯೋಚಿಸಿ. ಸಿಟ್ಟಿನಲ್ಲಿ, ಇಲ್ಲ ತಾತ್ಸಾರದಲ್ಲಿ. ಚಿಕಿತ್ಸೆ ನಿಲ್ಲಿಸಿದವರು ರೋಗಿಯನ್ನು ಬಿಟ್ಟಿರುವುದಿಲ್ಲ. ನೋವಿಗೆ ಔಷಧಿ ಕೊಡುತ್ತಾರೆ, ಬಾಯಿ ಒದ್ದೆ ಮಾಡುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಕೈ ಹಿಡಿದು ಕೂರುತ್ತಾರೆ. ಮಷೀನು ತೆಗೆದ ಮೇಲೆ ಅಮ್ಮ ಮಾಡಿದ್ದೂ ಅದನ್ನೇ. ಅದಕ್ಕೆ ‘ಬಿಡು’ ಸಲ್ಲುವುದಿಲ್ಲ.

ಆಗ ನೆನಪಾದದ್ದು ‘ಗೊಡು’. ‘ಒಳಗೆ ಬರಗೊಡಲಿಲ್ಲ’, ‘ಮಾತಾಡಗೊಡಲಿಲ್ಲ’ ಎನ್ನುತ್ತೇವಲ್ಲ, ಅದೇ. ಅದರ ಹಾಗೆ ‘ಸಾಯಗೊಡು’. ಅಡ್ಡ ನಿಲ್ಲದೆ ಜಾಗ ಕೊಡುವುದು. ಇದರಲ್ಲಿ ಕೊಲ್ಲುವುದೂ ಇಲ್ಲ, ಕೈಬಿಡುವುದೂ ಇಲ್ಲ. ನಾವು ಅಪ್ಪನನ್ನು ಸಾಯಿಸಲಿಲ್ಲ, ಅಪ್ಪನನ್ನು ಸಾಯಗೊಟ್ಟೆವು. ಹೀಗೆ ಬರೆದಾಗ ನನಗೆ ಸ್ವಲ್ಪ ಸಮಾಧಾನ ಆಯಿತು. ಆದರೆ ‘ಗೊಡು’ ಹೆಚ್ಚಾಗಿ ‘ಇಲ್ಲ’ದ ಜೊತೆಗೇ ಬರುತ್ತದೆ, ಅಲ್ವಾ? ಇಲ್ಲ ಸೇರಿಸದೆ ಹೇಳಿದರೆ ಕಿವಿಗೆ ಹೊಸದೆನಿಸುತ್ತದೆ.

ಸಾಯಿಸುವುದಕ್ಕೂ ಸಾಯಗೊಡುವುದಕ್ಕೂ ನೀತಿಯಲ್ಲಿ ವ್ಯತ್ಯಾಸವೇ ಇಲ್ಲ ಎನ್ನುವವರೂ ಇದ್ದಾರೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ಜೇಮ್ಸ್ ರೇಚಲ್ಸ್ 1975ರಲ್ಲಿ ಬರೆದ ಲೇಖನದ ವಾದ ಅದೇ. ಉದ್ದೇಶ ಒಂದೇ, ಫಲ ಒಂದೇ ಆಗಿರುವಾಗ, ನರಳುತ್ತಾ ನಿಧಾನವಾಗಿ ಸಾಯಲು ಬಿಡುವುದು ಇನ್ನೂ ಕ್ರೂರ ಅಲ್ಲವೇ ಎಂದು ಕೇಳಿದರು. ಗಟ್ಟಿ ಪ್ರಶ್ನೆ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಆ ವಾದ ಮಾಡುವುದಕ್ಕೂ ಮೊದಲು ಎರಡು ಹೆಸರು ಬೇಕು. ಎರಡಕ್ಕೂ ‘ದಯಾಮರಣ’ ಎಂದುಬಿಟ್ಟರೆ ಅವರ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲೂ ಆಗುವುದಿಲ್ಲ.

‘ಇಚ್ಛಾಮರಣ’ ಇದೆಯಲ್ಲ ಎಂದು ಕೆಲವರು ಹೇಳಬಹುದು. ಅದು ಭೀಷ್ಮನ ಪದ. ಸಾವನ್ನು ಕಾಯಿಸುವ ಶಕ್ತಿ ಅವನದ್ದಾಗಿತ್ತು, ಉತ್ತರಾಯಣದವರೆಗೆ ಕಾದ. ಹಾಸಿಗೆ ಹಿಡಿದವರ ಕೋರಿಕೆಗೆ ಆ ವರದ ಹೆಸರು ಹೊಂದುವುದಿಲ್ಲ ಅನ್ನಿಸುತ್ತದೆ. ಓರೆಗಾನ್, ಸ್ವಿಟ್ಜರ್ಲೆಂಡ್ ಬಗೆಗೆ ‘ನೆರವಿನ ಸಾವು’ ಸಾಕು ಎಂದು ನನ್ನ ಅಭಿಪ್ರಾಯ. ಯಾರು ಮಾಡಿದರು, ಯಾರು ನೆರವಾದರು ಎರಡೂ ಅದರಲ್ಲಿ ತಿಳಿಯುತ್ತದೆ. ಅಂಗವಿಕಲರ ಸಂಘಟನೆಗಳಲ್ಲಿ ಹಲವು ಇಂಥ ಸಾವಿಗೆ ಅವಕಾಶ ಕೊಡುವುದನ್ನೇ ವಿರೋಧಿಸುತ್ತವೆ. ಬದುಕಲು ನೆರವು ಕೊಡದ ಸಮಾಜ ಸಾಯಲು ನೆರವು ಕೊಡುತ್ತದೆಯೇ ಎಂಬುದು ಅವರ ಅಳಲು. ‘ನೆರವು’ ಎಂಬ ಪದ ಇದ್ದರೇ ಆ ಅಳಲಿನ ಮೊನೆ ತಾಗುವುದು. ‘ದಯೆ’ ಎಂದರೆ ಅದು ಮೊಂಡಾಗುತ್ತದೆ.

ಇನ್ನೊಂದು ಚಿಕ್ಕ ವಿಷಯ, ‘ಲಿವಿಂಗ್ ವಿಲ್’. ಅಂದರೆ, ಮುಂದೆ ಮಾತಾಡಲು ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ. ‘ಜೀವಂತ ಉಯಿಲು’ ಎಂದು ಓದಿದ್ದೇನೆ. ಉಯಿಲು ನಡೆಯುವುದು ಸತ್ತ ಮೇಲೆ. ಇದು ನಡೆಯುವುದು ಜೀವ ಇರುವಾಗ, ಮಾತಾಡಲು ಆಗದಿರುವಾಗ. 2023ರಲ್ಲಿ ಕೋರ್ಟು ನಿಯಮ ಸುಲಭ ಮಾಡಿದ ಮೇಲೆ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಇದನ್ನು ಮಾಡಿಡಬಹುದು. ಅಮ್ಮನೂ ಒಂದು ಬರೆದಿಡಬೇಕು ಎನ್ನುತ್ತಿದ್ದಾರೆ. ಮೇಲೆ ಏನೆಂದು ತಲೆಬರಹ ಹಾಕಲಿ? ‘ಮುಂಗಡ’ ಎಂದರೆ ದುಡ್ಡು ಕೊಟ್ಟ ಹಾಗೆ ಕೇಳುತ್ತದೆ, ‘ಮುನ್ಸೂಚನೆ’ಯನ್ನು ಮಳೆ ತೆಗೆದುಕೊಂಡಿದೆ. ಸದ್ಯಕ್ಕೆ ‘ಚಿಕಿತ್ಸೆ ಬಗ್ಗೆ ಮೊದಲೇ ಹೇಳಿಟ್ಟ ಮಾತು’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ.

‘ಗೊಡು’ ಇಲ್ಲ ಸೇರದೆ ನಿಮ್ಮ ಕಡೆ ಆಡುಮಾತಿನಲ್ಲಿ ಬಳಕೆಯಲ್ಲಿದೆಯೇ? ‘ಹೋಗಗೊಟ್ಟರು’, ‘ಮಲಗಗೊಟ್ಟರು’ ಅಂತ ಯಾರಾದರೂ ಹೇಳುವುದನ್ನು ಕೇಳಿದ್ದೀರಾ? ಹಳೆಯ ಬಳಕೆ ಸಿಕ್ಕರೂ ದಯವಿಟ್ಟು ತಿಳಿಸಿ. ಡಾಕ್ಟರ್ ಅಥವಾ ನರ್ಸ್ ಆಗಿರುವವರು ಬಳಗದಲ್ಲಿದ್ದರೆ ಇನ್ನೊಂದು ಪ್ರಶ್ನೆ: ಮನೆಯವರನ್ನು ಕೂರಿಸಿಕೊಂಡು ಈ ವಿಷಯ ಹೇಳುವಾಗ ನಿಮ್ಮ ಬಾಯಲ್ಲಿ ಬರುವ ಕನ್ನಡ ಯಾವುದು?