ಪದಚರ್ಚೆ: ‘ಶಕ’ ಎಂದರೆ ಯಾವ ಶಕ? ‘1039ನೆಯ’ ಎಂದರೆ ಎಷ್ಟನೆಯದು?

ಪ್ರಶ್ನೆ

ಸಾಮಾನ್ಯ ಓದುಗರಿಗೆಂದು ಬರುವ ಇತಿಹಾಸದ ಪುಸ್ತಕಗಳಲ್ಲಿ ‘ಶಕ 1039’, ‘ಕ್ರಿ.ಶ. 1117’, ‘ಸಾ.ಶ. 1117–18’ ಈ ಮೂರೂ ಒಂದೇ ಪುಟದಲ್ಲಿ ಸಿಗುವುದುಂಟು. ಬರಿಯ ‘ಶಕ’ ಮತ್ತು ‘ಕ್ರಿಸ್ತ ಶಕ’ದ ‘ಶಕ’ ಒಂದೇ ಪದವೇ? ‘1039ನೆಯ ಸಂವತ್ಸರ’ ಎಂದರೆ ಕಳೆದದ್ದೋ ನಡೆಯುತ್ತಿರುವುದೋ? ಆ ಅಡ್ಡಗೆರೆ ಏಕೆ? ಕೃಷ್ಣದೇವರಾಯನ ಪಟ್ಟಾಭಿಷೇಕಕ್ಕೆ ಒಂದು ಪುಸ್ತಕ 1509 ಎನ್ನುತ್ತದೆ, ಇನ್ನೊಂದು 1510. ಇದೂ ಇದೇ ಗೊಂದಲದ ಫಲವೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ಪದ ಒಂದೇ, ಅರ್ಥ ಹಿಗ್ಗಿದೆ ಸರ್. ‘ಶಕ’ ಮೊದಲಿಗೆ ಒಂದು ಜನಾಂಗದ ಹೆಸರು. ಬಾದಾಮಿಯ ಮೂರನೆಯ ಗುಹೆಯ ಮಂಗಲೇಶನ ಶಾಸನ ಕಾಲ ಹೇಳುವಾಗ ‘ಶಕನೃಪತಿ ರಾಜ್ಯಾಭಿಷೇಕ ಸಂವತ್ಸರ’ ಎನ್ನುತ್ತದೆ. ಶಕರ ದೊರೆಗೆ ಪಟ್ಟವಾದಂದಿನಿಂದ ಎಣಿಕೆ ಎಂದರ್ಥ. ‘ಶಾಲಿವಾಹನ’ ಎಂಬ ಹೆಸರು ಇದಕ್ಕೆ ಅಂಟಿದ್ದು ಶತಮಾನಗಳು ಕಳೆದ ಮೇಲೆ; ವಿಜಯನಗರದ ಕಾಲಕ್ಕೆ ‘ಜಯಾಭ್ಯುದಯ ಶಾಲಿವಾಹನ ಶಕವರ್ಷ’ ಎಂಬುದು ಪಡಿಯಚ್ಚಿನ ಮಾತಾಗಿತ್ತು. ಶಾಲಿವಾಹನನೆಂಬ ದೊರೆಯೇ ಕ್ರಿ.ಶ. 78ರಲ್ಲಿ ಶಕ ಆರಂಭಿಸಿದ ಎಂದು ಬರೆಯುವ ಪುಸ್ತಕಗಳು ಈ ತಡವಾದ ಹೆಸರನ್ನು ನಂಬಿಕೊಂಡಿವೆ. ಬರಬರುತ್ತಾ ಯಾವ ಕಾಲಗಣನೆಯಾದರೂ ಶಕವೇ ಎಂದಾಯಿತು. ಕ್ರಿಸ್ತ ಶಕ, ಸಾಮಾನ್ಯ ಶಕ, ಭಾಷಣಗಳಲ್ಲಿ ಧಾರಾಳವಾಗಿ ಹಂಚುವ ‘ಶಕಪುರುಷ’ ಬಿರುದು, ಎಲ್ಲವೂ ಈ ಹಿಗ್ಗಿದ ಅರ್ಥದವು. ಆದರೆ ಸಂಖ್ಯೆಯ ಹಿಂದೆ ವಿಶೇಷಣವಿಲ್ಲದೆ ‘ಶಕ’ ಎಂದಿದ್ದರೆ ಅದು ಶಾಲಿವಾಹನ ಶಕವೇ. ಶಾಸನಗಳಲ್ಲಿ ‘ಸಕವರ್ಷ’, ‘ಸಕವರುಷ’ ಎಂದು ಕಂಡರೆ ಕಂಡರಣೆಯ ತಪ್ಪೆಂದು ತಿದ್ದಬೇಡಿ, ಉದ್ಧರಿಸುವಾಗ ಹಾಗೆಯೇ ಬಿಡಿ.

ನಿಜವಾದ ತೊಡಕು ‘ನೆಯ’ದಲ್ಲಿದೆ. ವ್ಯಾಕರಣ ನೋಡಿದರೆ ‘1039ನೆಯ’ ಎಂದರೆ ನಡೆಯುತ್ತಿರುವ ವರ್ಷ. ಶಾಸನಗಳಲ್ಲಿ ಮಾತ್ರ ಆ ಸಂಖ್ಯೆ ಅನೇಕ ಸಲ ಕಳೆದ ವರ್ಷಗಳದ್ದು, ಅಂದರೆ ಗತಶಕ. ಮಗುವಿಗೆ ಐದು ತುಂಬಿತು ಎಂದಾಗ ನಡೆಯುತ್ತಿರುವುದು ಆರನೆಯ ವರ್ಷವಲ್ಲವೇ, ಹಾಗೆ. ಬಾದಾಮಿಯ ಶಾಸನ ಐನೂರು ವರ್ಷ ‘ಅತಿಕ್ರಾಂತ’ವಾಗಿವೆ ಎಂದು ಬಾಯಿಬಿಟ್ಟು ಹೇಳುವುದರಿಂದ ಅಲ್ಲಿ ಗೊಂದಲವಿಲ್ಲ. ಕಾರ್ತಿಕ ಹುಣ್ಣಿಮೆ, 500ಕ್ಕೆ 78 ಸೇರಿಸಿ 578. ಎಲ್ಲ ಶಾಸನಗಳೂ ಇಷ್ಟು ಉದಾರವಲ್ಲ.

ಹಾಗಾದಾಗ ಸಂವತ್ಸರದ ಹೆಸರೇ ಗತಿ. ಶಕಸಂಖ್ಯೆಯನ್ನು ಗತಶಕವೆಂದು ಹಿಡಿದು ಅದಕ್ಕೆ 12 ಸೇರಿಸಿ 60ರಿಂದ ಭಾಗಿಸಿ. ಶೇಷ 1 ಆದರೆ ಪ್ರಭವ, 2 ವಿಭವ, 3 ಶುಕ್ಲ, ಹೀಗೆ ಮುಂದಕ್ಕೆ. ಶೇಷ ಉಳಿಯದಿದ್ದರೆ ಅಕ್ಷಯ. ಬೇಲೂರಿನ ವಿಷ್ಣುವರ್ಧನನ ಶಾಸನದ್ದು ಶಕ 1039, ಹೇವಿಳಂಬಿ. 1039ಕ್ಕೆ 12 ಸೇರಿದರೆ 1051, ಭಾಗಿಸಿದರೆ ಶೇಷ 31, ಮೂವತ್ತೊಂದನೆಯದು ಹೇವಿಳಂಬಿಯೇ. ಆದ್ದರಿಂದ ಸಂಖ್ಯೆ ಗತಶಕದ್ದು, ಚೈತ್ರಮಾಸವಾದ್ದರಿಂದ 1117. ಶೇಷ ಒಂದು ಹೆಚ್ಚಾಗಿ ಬಂದಿದ್ದರೆ ಶಾಸನಕಾರ ವರ್ತಮಾನ ಶಕ (ನಡೆಯುತ್ತಿರುವ ವರ್ಷದ ಸಂಖ್ಯೆ) ಬಳಸಿದ್ದಾನೆಂದು ತಿಳಿದು 78ರ ಬದಲು 77 ಸೇರಿಸಬೇಕಿತ್ತು.

ಯುಗಾದಿ ಮಾರ್ಚ್ ಆಸುಪಾಸಿಗೆ ಬರುವುದರಿಂದ ಒಂದು ಸಂವತ್ಸರ ಎರಡು ಇಸವಿಗಳಲ್ಲಿ ಹರಡಿಕೊಳ್ಳುತ್ತದೆ. ‘1117–18’ರ ಅಡ್ಡಗೆರೆ ಇದಕ್ಕಾಗಿ. ‘1117ರಿಂದ 1118ರವರೆಗೆ ನಡೆದದ್ದು’ ಎಂದು ಅದನ್ನು ಓದಬಾರದು. ಮಾಸ, ತಿಥಿ ಗೊತ್ತಿದ್ದರೆ ಅಡ್ಡಗೆರೆ ಬೇಕಿಲ್ಲ: ಚೈತ್ರದಿಂದ ಮಾರ್ಗಶಿರದವರೆಗೆ 78, ಮಾಘ ಫಾಲ್ಗುಣಕ್ಕೆ ಸಾಮಾನ್ಯವಾಗಿ 79. ಪುಷ್ಯ ಎರಡು ಕಡೆಗೂ ಚಾಚುವುದರಿಂದ ತಿಥಿ ನೋಡಲೇಬೇಕು. ಹನ್ನೆರಡನೆಯ ಶತಮಾನದ ಶಾಸನದಲ್ಲಿ ‘ಉತ್ತರಾಯಣ ಸಂಕ್ರಮಣ’ ಎಂದಿದ್ದರೆ ಇಂದಿನ ಜನವರಿ 14ನ್ನು ಮನಸ್ಸಿನಲ್ಲಿಟ್ಟು 79 ಸೇರಿಸುವವರಿದ್ದಾರೆ. ಇಂದಿನ ಗ್ರೆಗೋರಿಯನ್ ಕ್ಯಾಲೆಂಡರಿಗೂ ಹಿಂದಿನ ಜೂಲಿಯನ್ ಕ್ಯಾಲೆಂಡರಿನ ಲೆಕ್ಕದಲ್ಲಿ ಅದು ಬೀಳುತ್ತಿದ್ದದ್ದು ಡಿಸೆಂಬರ್ 25ರ ಸುಮಾರಿಗೆ. ಅಲ್ಲಿಗೆ ಇಡೀ ಒಂದು ಇಸವಿ ತಪ್ಪುತ್ತದೆ.

ಈಗ ಕೃಷ್ಣದೇವರಾಯ. ಹಂಪಿಯ ವಿರೂಪಾಕ್ಷ ದೇವಾಲಯದ ಶಾಸನದಲ್ಲಿರುವುದು ಶಕವರ್ಷ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14. ಬರಿಯ ಸಂಖ್ಯೆ ಹಿಡಿದು 79 ಸೇರಿಸಿದರೆ 1509 ಬರುತ್ತದೆ. ಸಂವತ್ಸರ ಹಿಡಿದರೆ? 1430ಕ್ಕೆ 12, ಒಟ್ಟು 1442, ಶೇಷ 2, ಅದು ವಿಭವ. ಶುಕ್ಲವಾಗಬೇಕಾದರೆ ಗತಶಕ 1431 ಆಗಬೇಕು; ಅದರ ಮಾಘ 1510ರ ಜನವರಿಯಲ್ಲಿ ಬರುತ್ತದೆ. ಸಂಖ್ಯೆಗೂ ಹೆಸರಿಗೂ ತಾಳೆಯಾಗದಿದ್ದಾಗ ಹೆಸರನ್ನೇ ನಂಬುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಊರಿನವರ ಬಾಯಲ್ಲಿ ಓಡಾಡುತ್ತಿದ್ದದ್ದು ಸಂವತ್ಸರದ ಹೆಸರು. ನಾಲ್ಕಂಕಿಯ ಸಂಖ್ಯೆ ಬರೆಯುವವನ ಲೆಕ್ಕ. ಎರಡು ಇಸವಿಗಳಲ್ಲಿ ಯಾವುದನ್ನು ಹಾಕಿದರೂ ಒಂದು ಸಾಲಿನ ಅಡಿಟಿಪ್ಪಣಿ ಕೊಡುವ ಸೌಜನ್ಯ ಪುಸ್ತಕಕ್ಕಿರಬೇಕು.

ಉತ್ತರ 2

ಮೇಲಿನ ಉತ್ತರಕ್ಕೆ ಸೇರಿಸಬೇಕಾದ್ದು ಎರಡಿವೆ.

ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ ಶಾಸನ ಎರಡು ಎಣಿಕೆಗಳನ್ನು ಒಟ್ಟಿಗೆ ಕೊಡುತ್ತದೆ: ಭಾರತ ಯುದ್ಧದಿಂದ 3735, ಶಕರಾಜರ ಎಣಿಕೆಯಲ್ಲಿ 556. ಭಾರತ ಯುದ್ಧದ ಎಣಿಕೆಯನ್ನು ಕಲಿಯುಗದ ವರ್ಷವೆಂದು ಹಿಡಿದು ಅದರಿಂದ 3179 ಕಳೆದರೆ ಗತಶಕ ಸಿಗಬೇಕು, ಇಲ್ಲಿ ಸರಿಯಾಗಿ ಸಿಗುತ್ತದೆ. ಅದಕ್ಕೇ 634–35 ಎಂಬ ಕಾಲದ ಬಗ್ಗೆ ತಕರಾರಿಲ್ಲ. ಇಂಥ ಎರಡನೆಯ ಎಣಿಕೆ ಇದ್ದಲ್ಲಿ ಮೊದಲು ಅದನ್ನು ತಾಳೆ ನೋಡಿ.

ಇನ್ನೊಂದು ‘ವಿಕ್ರಮ’. ಕಲ್ಯಾಣದ ಚಾಲುಕ್ಯರ ಶಾಸನಗಳ ‘ಚಾಳುಕ್ಯ ವಿಕ್ರಮ ವರ್ಷ’ ಆರನೆಯ ವಿಕ್ರಮಾದಿತ್ಯ ಹೂಡಿದ್ದು. ಅದರ ಒಂದನೆಯ ವರ್ಷ ನಳ ಸಂವತ್ಸರ, 1076–77. ಉತ್ತರ ಭಾರತದ ವಿಕ್ರಮ ಸಂವತ್ ಆರಂಭವಾಗುವುದು ಕ್ರಿ.ಪೂ. 57ರಲ್ಲಿ. ಪುಸ್ತಕದ ಕೊನೆಯ ಪದಕೋಶದಲ್ಲಿ ‘ವಿಕ್ರಮ ಶಕ’ ಎಂದು ಎರಡನ್ನೂ ಒಂದೇ ಸಾಲಿಗೆ ತುರುಕಿದರೆ ಓದುಗ ಕಂಗಾಲು. ಚಾಳುಕ್ಯ ವಿಕ್ರಮ ವರ್ಷದಲ್ಲಿ ‘ನೆಯ’ ವ್ಯಾಕರಣದಂತೆಯೇ ನಡೆದುಕೊಳ್ಳುತ್ತದೆ, ಸಂಖ್ಯೆ ನಡೆಯುತ್ತಿರುವ ವರ್ಷದ್ದು. ಆದ್ದರಿಂದ 1075 ಸೇರಿಸಿದರೆ ಸಾಕು: 33ನೆಯ ವರ್ಷವೆಂದರೆ 1108–09, ಸರ್ವಧಾರಿ. ಪದಕೋಶದಲ್ಲಿ ಇವೆರಡಕ್ಕೂ ಬೇರೆ ಬೇರೆ ನಮೂದು ಇರಲಿ. ‘ಚಾಳುಕ್ಯ’ ಎಂಬ ವಿಶೇಷಣವನ್ನು ಜಾಗ ಉಳಿಸಲೆಂದು ಕತ್ತರಿಸಬೇಡಿ.